ಹನ್ನೆರಡನೆಯ ಹುಡುಗನಿಗೆ ಎಷ್ಟು ನಿಮಿಷ ಆಟ?

(ಧಾರವಾಡ, ಗದಗ, ಹಾವೇರಿ ಭಾಗದ ದೈಹಿಕ ಶಿಕ್ಷಕರು ಮತ್ತು ಕ್ಲಬ್ ತರಬೇತುದಾರರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ತರಬೇತುದಾರರನ್ನು ‘ನಿಮ್ಮ ತತ್ವ ಏನು’ ಎಂದು ಕೇಳಿದರೆ ಹೆಚ್ಚುಕಡಿಮೆ ಎಲ್ಲರ ಬಾಯಲ್ಲೂ ಬರುವುದು ಮೂರು ಮಾತು: ಶಿಸ್ತು, ಪರಿಶ್ರಮ, ಗೆಲ್ಲುವ ಛಲ. ‘ಇಲ್ರೀ, ನನಗ ಶಿಸ್ತು ಬ್ಯಾಡ’ ಅನ್ನುವ ಕೋಚ್ ಹುಬ್ಬಳ್ಳಿ-ಧಾರವಾಡದಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಯಾರೂ ಎದುರಾಡದ ಮಾತು ಒಳ್ಳೆಯದೇ ಇರಬಹುದು. ಆದರೆ ನಾಳೆ ಸಂಜೆ ಐದಕ್ಕೆ ಮೈದಾನದಲ್ಲಿ ಏನು ಮಾಡಬೇಕು, ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು ಎಂಬುದು ಅದರಿಂದ ತಿಳಿಯುವುದಿಲ್ಲ.

ಈಗ ಈ ವಾಕ್ಯ ನೋಡಿ. ‘14 ವರ್ಷದೊಳಗಿನ ಕಬಡ್ಡಿ ತಂಡದಲ್ಲಿ ಹೆಸರಿರುವ ಹನ್ನೆರಡೂ ಮಕ್ಕಳು ತಾಲ್ಲೂಕು ಮಟ್ಟದ ತನಕ ಪ್ರತಿ ಪಂದ್ಯದಲ್ಲೂ ಅಂಕಣಕ್ಕೆ ಇಳಿಯುತ್ತಾರೆ.’ ಇದನ್ನು ಒಪ್ಪದವರು ಈ ಸಭೆಯಲ್ಲೇ ಅರ್ಧ ಜನ ಸಿಗುತ್ತೀರಿ. ಏಳು ಮಂದಿ ಆಡುವ ಆಟ. ಐದು ಮಂದಿ ಹೊರಗಿರುತ್ತಾರೆ. ಆ ಐವರನ್ನೂ ಇಳಿಸುತ್ತೇನೆ ಅಂದರೆ ಕೆಲವು ಪಂದ್ಯ ಕೈ ತಪ್ಪುತ್ತವೆ. ಹೀಗೆ ಏನನ್ನಾದರೂ ಕಳೆದುಕೊಳ್ಳಲು ತಯಾರಾಗಿ ಬರೆದ ವಾಕ್ಯಕ್ಕೆ ಮಾತ್ರ ತತ್ವ ಅನ್ನಿಸಿಕೊಳ್ಳುವ ಯೋಗ್ಯತೆ ಇದೆ. ಇದರ ತದ್ವಿರುದ್ಧ ವಾಕ್ಯವೂ ತತ್ವವೇ: ‘17ರೊಳಗಿನ ತಂಡದಲ್ಲಿ ಉತ್ತಮ ಏಳು ಮಂದಿಯನ್ನೇ ಆಡಿಸುತ್ತೇನೆ, ಇದನ್ನು ಜೂನ್ ತಿಂಗಳಲ್ಲೇ ಎಲ್ಲರಿಗೂ ಹೇಳಿರುತ್ತೇನೆ.’ ಎರಡನೆಯದನ್ನು ಆರಿಸಿಕೊಂಡ ಕೋಚ್ ಕೆಟ್ಟವನೇನಲ್ಲ. ಮೊದಲನೆಯದನ್ನು ಬಾಯಲ್ಲಿ ಹೇಳಿ, ಎರಡನೆಯದನ್ನು ಮೈದಾನದಲ್ಲಿ ಮಾಡುವವನಿಂದ ಮಕ್ಕಳಿಗೆ ತೊಂದರೆ.

ಮುಂಚೆಯೇ ಬರೆದಿಡಬೇಕು ಅನ್ನುವುದಕ್ಕೆ ಕಾರಣ ಸರಳ. ಸೆಮಿಫೈನಲ್‌ನ ಕೊನೆಯ ಐದು ನಿಮಿಷ, ಎರಡು ಅಂಕ ಹಿಂದೆ, ಮುಖ್ಯ ರೈಡರ್ ಕಾಲು ಎಳೆಯುತ್ತಿದ್ದಾನೆ, ಹಿಂದೆ ನಿಂತ ಊರವರು ‘ಅವನ್ನ ತಗೀಬ್ಯಾಡ್ರಿ ಸರ’ ಅಂತ ಕೂಗುತ್ತಿದ್ದಾರೆ. ಆ ಹೊತ್ತಿನಲ್ಲಿ ತತ್ವ ಹುಟ್ಟುವುದಿಲ್ಲ. ‘ಕುಂಟುವ ಆಟಗಾರ ಹೊರಗೆ ಬರುತ್ತಾನೆ, ಅವನು ಆಡ್ತೀನಿ ಅಂದರೂ ಸರಿ’ ಎಂದು ಮೊದಲೇ ತೀರ್ಮಾನವಾಗಿದ್ದರೆ ಮಾತ್ರ ಬದಲಿ ಆಟಗಾರನನ್ನು ಕೇಳಲು ಕೈ ಮೇಲೇಳುತ್ತದೆ.

ತೀರ್ಮಾನ ಮಾಡಬೇಕಾದ ವಿಷಯಗಳಲ್ಲಿ ಮೊದಲನೆಯದು ಆಯ್ಕೆ. ನಮ್ಮ ಶಾಲಾ ಕ್ರೀಡಾಕೂಟಗಳು ತಾಲ್ಲೂಕು, ಜಿಲ್ಲೆ, ಬೆಳಗಾವಿ ವಿಭಾಗ, ರಾಜ್ಯ ಎಂದು ಮೇಲೇರುತ್ತವೆ. ವಯಸ್ಸಿನ ಗುಂಪಿಗೆ ಒಂದು ದಿನಾಂಕದ ಗೆರೆ ಇರುತ್ತದೆ. ಆ ಗೆರೆಯ ಪಕ್ಕದಲ್ಲೇ ಹುಟ್ಟಿದವನಿಗೂ ಅದರಿಂದ ದೂರ ಹುಟ್ಟಿದವನಿಗೂ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಅಂತರ ಇರಬಹುದು, ಆದರೂ ಇಬ್ಬರೂ ಒಂದೇ ಗುಂಪು. ಹನ್ನೆರಡನೆಯ ವಯಸ್ಸಿನಲ್ಲಿ ಒಂದು ವರ್ಷ ಅಂದರೆ ಮೈಕಟ್ಟಿನಲ್ಲಿ ದೊಡ್ಡ ವ್ಯತ್ಯಾಸ. ಇದರ ಮೇಲೆ ಬೆಳವಣಿಗೆಯ ವೇಗ ಬೇರೆ. ಹುಡುಗಿಯರು ಸರಾಸರಿ 12ರ ಆಸುಪಾಸಿನಲ್ಲಿ, ಹುಡುಗರು 13ರಿಂದ 14ರ ನಡುವೆ ಅತಿ ವೇಗವಾಗಿ ಎತ್ತರ ಬೆಳೆಯುತ್ತಾರೆ. ಇದು ಸರಾಸರಿ ಮಾತ್ರ; ಒಬ್ಬನಿಗೆ 12ಕ್ಕೇ ಬರುತ್ತದೆ, ಇನ್ನೊಬ್ಬನಿಗೆ 15 ದಾಟಿದ ಮೇಲೆ. ಏಳನೇ ತರಗತಿಯಲ್ಲಿ ಮೀಸೆ ಚಿಗುರಿದ ಹುಡುಗ ಗುಂಡು ಎಸೆತದಲ್ಲಿ ಮೊದಲ ಬಹುಮಾನ ತಂದರೆ ಅದರಲ್ಲಿ ಪ್ರತಿಭೆ ಎಷ್ಟು, ಮುಂಚೆ ಬಂದ ಬೆಳವಣಿಗೆ ಎಷ್ಟು ಎಂದು ಯಾರೂ ಬಿಡಿಸಿ ಹೇಳಲಾರರು. ಅವನನ್ನು ತಲೆ ಮೇಲೆ ಹೊತ್ತು ಮೆರೆಸಿ, ಅದೇ ತರಗತಿಯ ಸಣ್ಣ ಹುಡುಗನನ್ನು ‘ನಿನಗ ಆಗೂದಿಲ್ಲ ಬಿಡು’ ಎಂದು ಕಳಿಸಿಬಿಟ್ಟರೆ, ಮೂರು ವರ್ಷದ ನಂತರ ಇಬ್ಬರೂ ಕೈಯಲ್ಲಿ ಇರುವುದಿಲ್ಲ. ಸಣ್ಣವನು ಬಿಟ್ಟು ಹೋಗಿರುತ್ತಾನೆ. ದೊಡ್ಡವನ ಜೊತೆಗಾರರು ಎತ್ತರದಲ್ಲಿ ಅವನಿಗೆ ಸಮ ಬಂದಿರುತ್ತಾರೆ. ಬರಿ ಬಲದಿಂದ ಗೆಲ್ಲುತ್ತಿದ್ದವನು ತಂತ್ರ ಕಲಿತೇ ಇರುವುದಿಲ್ಲ.

ಇದಕ್ಕೆ ಬೇಕಾದ ಸಾಮಗ್ರಿ ಒಂದು ಅಳತೆ ಪಟ್ಟಿ, ಒಂದು ನೋಟುಬುಕ್ಕು. ಮೂರು ತಿಂಗಳಿಗೊಮ್ಮೆ ಎಲ್ಲ ಮಕ್ಕಳ ಎತ್ತರ ಬರೆಯಿರಿ. ಬರಿಗಾಲು, ಹಿಮ್ಮಡಿ ಗೋಡೆಗೆ ತಾಗಿರಬೇಕು, ನೋಟ ನೇರ, ತಲೆಯ ಮೇಲೆ ಹಲಗೆಯನ್ನೋ ದಪ್ಪ ಪುಸ್ತಕವನ್ನೋ ಮಟ್ಟವಾಗಿ ಇಟ್ಟು ಗುರುತು ಹಾಕಬೇಕು. ಬೆಳಗ್ಗೆ ಅಳೆದರೆ ಪ್ರತಿ ಸಲವೂ ಬೆಳಗ್ಗೆಯೇ ಅಳೆಯಬೇಕು, ಏಕೆಂದರೆ ಸಂಜೆಗೆ ಮನುಷ್ಯ ಒಂದು ಸೆಂಟಿಮೀಟರಿನಷ್ಟು ಕುಗ್ಗಿರುತ್ತಾನೆ. ಶಾಲಾ ವಯಸ್ಸಿನಲ್ಲಿ ವರ್ಷಕ್ಕೆ ಐದಾರು ಸೆಂಟಿಮೀಟರ್ ಸಾಮಾನ್ಯ. ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬೆಳೆದಿದ್ದರೆ ಆ ಮಗು ವೇಗದ ಘಟ್ಟದಲ್ಲಿದೆ ಎಂದು ತಿಳಿಯಬೇಕು. ಆಗ ಅವನ ಓಟ ಒಡ್ಡೊಡ್ಡಾಗಿ ಕಾಣುತ್ತದೆ, ಮೊನ್ನೆ ಮೊನ್ನೆ ಚಂದ ಆಡುತ್ತಿದ್ದವನು ಈಗ ಚೆಂಡು ಬಿಡುತ್ತಾನೆ. ಇದನ್ನು ‘ಸೊಕ್ಕು ಬಂದೈತಿ’ ಎಂದು ಓದುವುದು ನಾವು ಮಾಡುವ ಬಹಳ ಸಾಮಾನ್ಯ ತಪ್ಪು. ಕೈಕಾಲು ಉದ್ದವಾಗಿವೆ, ಮಿದುಳಿನ ಲೆಕ್ಕ ಇನ್ನೂ ಹಳೆಯದು, ಅಷ್ಟೇ.

ಈ ಘಟ್ಟದಲ್ಲೇ ಮಂಡಿ ಚಿಪ್ಪಿನ ಕೆಳಗೆ, ಮೊಳಕಾಲು ಎಲುಬಿನ ಉಬ್ಬಿನ ಮೇಲೆ ನೋವು ಬರುತ್ತದೆ. ತೊಡೆಯ ಸ್ನಾಯು ಎಳೆಯುವ ಜಾಗ ಅದು. ಅಲ್ಲಿಯ ಎಲುಬು ಇನ್ನೂ ಗಟ್ಟಿಯಾಗಿರುವುದಿಲ್ಲ. ಜಿಗಿತ, ಹಠಾತ್ ನಿಲುಗಡೆ, ಗಟ್ಟಿ ನೆಲ ಮೂರೂ ಸೇರಿದರೆ ನೋವು ಉಲ್ಬಣಿಸುತ್ತದೆ. ನಮ್ಮ ಎರಿ (ಕಪ್ಪು ಮಣ್ಣಿನ) ನೆಲವನ್ನು ನೆನಪಿಸಿಕೊಳ್ಳಿ. ಮಾರ್ಚ್‌ನಿಂದ ಮೇ ತನಕ ಅದು ಬಿರುಕು ಬಿಟ್ಟು ಕಲ್ಲಿನ ಹಾಗೆ ಆಗಿರುತ್ತದೆ. ಅಂಥ ನೆಲದ ಮೇಲೆ ತಡವಾಗಿ ಬಂದ ಹುಡುಗನಿಗೆ ಶಿಕ್ಷೆ ಎಂದು ಕಪ್ಪೆ ಜಿಗಿತದಲ್ಲಿ ಮೈದಾನ ಸುತ್ತಿಸುತ್ತೇವೆ. ಶಿಸ್ತು ಎಂಬ ತತ್ವ ಕಾಗದದಿಂದ ಎದ್ದು ಬಂದು ಮಂಡಿಗೆ ಕೂರುವುದು ಹೀಗೆ. ಅಂದಹಾಗೆ, ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮೈದಾನಕ್ಕೆ ಅದರಲ್ಲಿ ರಿಯಾಯಿತಿ ಇಲ್ಲ. ತಡವಾಗಿ ಬಂದವನು ಅಂದಿನ ಸಾಮಾನು ಒಳಗಿಡಲಿ, ಕೋನ್ ಎಣಿಸಲಿ. ವ್ಯಾಯಾಮವನ್ನೇ ಶಿಕ್ಷೆ ಮಾಡಿದರೆ ಮಗು ವ್ಯಾಯಾಮವನ್ನು ದ್ವೇಷಿಸಲು ಕಲಿಯುತ್ತದೆ.

ವೇಗದ ಘಟ್ಟದಲ್ಲಿರುವ ಮಗುವಿಗೆ ಜಿಗಿತ ಅರ್ಧ ಮಾಡಿ, ಸಮತೋಲನದ ಕಸರತ್ತು ಹೆಚ್ಚಿಸಿ. ನೋವು ಎರಡು ವಾರ ದಾಟಿದರೆ, ಒಂದೇ ಕಾಲು ಊದಿದ್ದರೆ, ರಾತ್ರಿ ಎಬ್ಬಿಸುವಷ್ಟು ನೋವಿದ್ದರೆ ವೈದ್ಯರ ಬಳಿ ಕಳಿಸಬೇಕು, ಎಣ್ಣೆ ತಿಕ್ಕುತ್ತ ಕೂರಬಾರದು.

ಕ್ರಿಕೆಟ್ಟಿನಲ್ಲಿ ಇಂಥ ತೀರ್ಮಾನಕ್ಕೆ ಸಿದ್ಧ ಮಾದರಿ ಇದೆ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ 13ರೊಳಗಿನ ವೇಗದ ಬೌಲರಿಗೆ ಒಂದು ಸ್ಪೆಲ್‌ನಲ್ಲಿ (ಬಿಡುವಿಲ್ಲದ ಒಂದು ಸರತಿಯಲ್ಲಿ) 5 ಓವರ್, ದಿನಕ್ಕೆ 10 ಓವರ್ ಎಂಬ ಮಿತಿ ಇಟ್ಟಿತು; 14 ಮತ್ತು 15ರೊಳಗಿನವರಿಗೆ 6 ಮತ್ತು 12. ಬೆಳೆಯುವ ಬೆನ್ನೆಲುಬಿನಲ್ಲಿ ಬಿರುಕು ಬಿಡುವುದನ್ನು ತಡೆಯಲು ಈ ಅಂಕಿ. ‘ಮಕ್ಕಳ ಆರೋಗ್ಯ ಮುಖ್ಯ’ ಎಂಬ ಮಾತನ್ನು ಅಂಪೈರ್ ಎಣಿಸಬಹುದಾದ ರೂಪಕ್ಕೆ ತಂದದ್ದು ಅದರ ಹೆಚ್ಚುಗಾರಿಕೆ.

ಈ ಸೀಮೆಯ ಕೋಚ್‌ಗಳಿಗೆ ಒಂದು ವಿಶೇಷ ಆಸ್ತಿಯೂ ಇದೆ, ವಿಶೇಷ ತೊಡಕೂ ಇದೆ: ಗರಡಿ ಮನೆ. ಗರಡಿಯಲ್ಲಿ ಉಸ್ತಾದರು ಕಡಿಮೆ ಮಾತಾಡುತ್ತಾರೆ. ಹಿರಿಯ ಪೈಲ್ವಾನರು ಕಿರಿಯರನ್ನು ಹಿಡಿದು ಆಡಿಸುತ್ತಾರೆ, ಪಟ್ಟು ಕೈಯಿಂದ ಕೈಗೆ ದಾಟುತ್ತದೆ. ಮಣ್ಣು ಹದ ಮಾಡುವುದು, ನೀರು ಹೊಡೆಯುವುದು ಎಲ್ಲರ ಕೆಲಸ. ಇವತ್ತಿನ ಕ್ರೀಡಾ ವಿಜ್ಞಾನ ಹೊಸದಾಗಿ ಹೇಳುವ ಎಷ್ಟೋ ಸಂಗತಿ ಇಲ್ಲಿ ಮೊದಲಿನಿಂದಲೂ ಇದೆ. ಅದನ್ನು ಉಳಿಸಿಕೊಳ್ಳಬೇಕು. ಆದರೆ ಜಾತ್ರೆಯ ಜಂಗಿ ನಿಕಾಲಿ ಕುಸ್ತಿಗೂ ಮ್ಯಾಟ್ ಕುಸ್ತಿಗೂ ದೇಹದಿಂದ ಬೇಡುವ ಕೆಲಸ ಬೇರೆ. ನಿಕಾಲಿ ಕುಸ್ತಿಯಲ್ಲಿ ಒಬ್ಬ ಚಿತ್ ಆಗುವ, ಅಂದರೆ ಬೆನ್ನು ನೆಲಕ್ಕೆ ತಾಗುವ ತನಕ ಆಟ; ತಡೆದು, ತೂಗಿ, ಎದುರಾಳಿಯನ್ನು ದಣಿಸಿ ಗೆಲ್ಲಬಹುದು. ಮ್ಯಾಟ್ ಮೇಲೆ ಹಿರಿಯರಿಗೆ ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್ ಬಿಡುವು. 17ರೊಳಗಿನವರಿಗೆ ಎರಡೆರಡು ನಿಮಿಷ ಮಾತ್ರ. ಫ್ರೀಸ್ಟೈಲ್‌ನಲ್ಲಿ ಹತ್ತು ಅಂಕದ ಅಂತರವಾದರೆ ಅಲ್ಲಿಗೇ ಮುಗಿಯಿತು. ಸುಮ್ಮನೆ ತಡೆದು ನಿಂತವನಿಗೆ ನಿಷ್ಕ್ರಿಯ ಎಂದು ಎಚ್ಚರಿಕೆ ಬೀಳುತ್ತದೆ.

ಹೀಗಿರುವಾಗ ಐನೂರು ಬೈಠಕ್, ಮುನ್ನೂರು ದಂಡ ಹೊಡೆಸಿ ಮ್ಯಾಟಿಗೆ ಕಳಿಸಿದರೆ ಹುಡುಗ ಎರಡನೆಯ ಸುತ್ತಿನಲ್ಲಿ ದಣಿಯದೆ ಇರಬಹುದು, ಆದರೆ ಮೊದಲ ನಲವತ್ತು ಸೆಕೆಂಡಿನಲ್ಲೇ ಆರು ಅಂಕ ಬಿಟ್ಟುಕೊಟ್ಟಿರುತ್ತಾನೆ. ಮ್ಯಾಟ್ ತಯಾರಿಗೆ 20ರಿಂದ 30 ಸೆಕೆಂಡಿನ ಪೂರ್ಣ ಬಿರುಸಿನ ಹಿಡಿತ, ಅಷ್ಟೇ ಹೊತ್ತು ಸಡಿಲ, ಹೀಗೆ ಆರು ಸರತಿ ಸೇರಿ ಒಂದು ಕಂತು. ನಡುವೆ ಪೂರ್ತಿ ಉಸಿರು ತೆಗೆದುಕೊಳ್ಳಲು ಬಿಟ್ಟು ಎರಡು ಮೂರು ಕಂತು ಮಾಡಿಸುವುದು ಹೆಚ್ಚು ಉಪಯುಕ್ತ. ದಂಡ-ಬೈಠಕ್ ಬಿಡಬೇಕಿಲ್ಲ, ಅದು ಭುಜ-ತೊಡೆಗೆ ಬುನಾದಿ. ಜಾತ್ರೆಯ ಸಾವಿರ ರೂಪಾಯಿ ಕುಸ್ತಿಗೆ ತಯಾರು ಮಾಡುತ್ತಿದ್ದೀರೋ ರಾಜ್ಯ ಮಟ್ಟದ ಮ್ಯಾಟಿಗೋ ಎಂಬುದನ್ನು ಆ ಹುಡುಗನ ಜೊತೆ, ಅವರಪ್ಪನ ಜೊತೆ ಕೂತು ತೀರ್ಮಾನಿಸಿ. ಎರಡೂ ಗೌರವದ ದಾರಿಗಳೇ. ಯಾವುದು ಎಂದು ಹೇಳದೆ ಎರಡಕ್ಕೂ ಅರ್ಧಂಬರ್ಧ ತಯಾರಿ ನಡೆಸುವುದು ಮಾತ್ರ ಅನ್ಯಾಯ.

ಕುಸ್ತಿಯಲ್ಲಿ ತೂಕದ ಪ್ರಶ್ನೆಗೆ ಉತ್ತರ ಬರೆಯದ ತತ್ವ ಅಪೂರ್ಣ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಒಂದೇ ದಿನ ಮೂರು ಕುಸ್ತಿ ಗೆದ್ದು 50 ಕೆ.ಜಿ. ವಿಭಾಗದ ಫೈನಲ್ ತಲುಪಿದರು. ಮರುದಿನ ಬೆಳಗಿನ ತೂಕದಲ್ಲಿ 100 ಗ್ರಾಂ ಹೆಚ್ಚು ಬಂದು ಅನರ್ಹರಾದರು. ವೈದ್ಯರು, ಆಹಾರ ತಜ್ಞರು ಎಲ್ಲರೂ ಜೊತೆಗಿದ್ದ ಮಟ್ಟದಲ್ಲಿ ಆದದ್ದು ಇದು. ನಮ್ಮಲ್ಲಿ ಜಿಲ್ಲಾ ಮಟ್ಟಕ್ಕೆ ಹೋಗುವ ಹುಡುಗ ಎರಡು ಸ್ವೆಟರ್ ಹಾಕಿಕೊಂಡು ಓಡುತ್ತಾನೆ, ಹಿಂದಿನ ದಿನ ನೀರು ಕುಡಿಯುವುದಿಲ್ಲ, ಉಗುಳುತ್ತ ಕೂರುತ್ತಾನೆ. ದೇಹತೂಕದ ಶೇ. 2ರಷ್ಟು ನೀರು ಕಳೆದುಕೊಂಡರೆ ಸಾಮರ್ಥ್ಯ ಕುಸಿಯತೊಡಗುತ್ತದೆ, 50 ಕೆ.ಜಿ. ಹುಡುಗನಿಗೆ ಅದು ಒಂದೇ ಕೆ.ಜಿ. ಅಮೆರಿಕದಲ್ಲಿ 1997ರ ಕೊನೆಯಲ್ಲಿ ಕೆಲವೇ ವಾರಗಳ ಅಂತರದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ಬೆವರು ಇಳಿಸುತ್ತಲೇ ಸತ್ತರು. ಅದಾದ ಮೇಲೆ ಅಲ್ಲಿಯ ನಿಯಮ ಬದಲಾಯಿತು.

ನಾವು ಸೂಚಿಸುವ ತೀರ್ಮಾನ ಹೀಗಿದೆ. 17ರೊಳಗಿನ ಯಾರೂ ಬೆವರು ಇಳಿಸಿ ತೂಕ ಇಳಿಸುವುದಿಲ್ಲ. ವಾರಕ್ಕೆರಡು ಬಾರಿ, ಒಂದೇ ತೂಕದ ಯಂತ್ರದಲ್ಲಿ, ಬೆಳಗ್ಗೆ ಶೌಚದ ನಂತರ ತೂಕ ನೋಡಿ ಬರೆಯಬೇಕು. ಸ್ಪರ್ಧೆಗೆ ಎರಡು ವಾರ ಇರುವಾಗ ಇರುವ ತೂಕ ಯಾವ ವಿಭಾಗಕ್ಕೆ ಸೇರುತ್ತದೋ ಅದೇ ವಿಭಾಗದಲ್ಲಿ ಹೆಸರು. ಮೇಲಿನ ವಿಭಾಗದಲ್ಲಿ ಆಡಿ ಸೋತರೂ ಅವನು ಕುಸ್ತಿ ಕಲಿತಿರುತ್ತಾನೆ. ತೂಕ ನೋಡುವಾಗ ನಾಲ್ಕು ಜನರೆದುರು ಅಂಕಿ ಕೂಗಿ ಹೇಳಬಾರದು, ಹುಡುಗಿಯರ ವಿಷಯದಲ್ಲಿ ಅಂತೂ ಖಂಡಿತ ಬೇಡ.

ಇನ್ನು ಮಾತಿನ ವಿಷಯ. ಅಮೆರಿಕದ ಬಾಸ್ಕೆಟ್‌ಬಾಲ್ ಕೋಚ್ ಜಾನ್ ವುಡನ್ ಹನ್ನೆರಡು ವರ್ಷಗಳಲ್ಲಿ ಹತ್ತು ಬಾರಿ ತಮ್ಮ ವಿಶ್ವವಿದ್ಯಾಲಯಕ್ಕೆ ರಾಷ್ಟ್ರೀಯ ಪ್ರಶಸ್ತಿ ತಂದವರು. 1974-75ರಲ್ಲಿ ರೊನಾಲ್ಡ್ ಗಾಲಿಮೋರ್ ಮತ್ತು ರೋಲಂಡ್ ಥಾರ್ಪ್ ಎಂಬ ಇಬ್ಬರು ಮನೋವಿಜ್ಞಾನಿಗಳು ಅವರ ಅಭ್ಯಾಸಗಳನ್ನು ನೋಡುತ್ತ ಕೂತು, ಅವರ ಬಾಯಿಂದ ಬಂದ 2,326 ಬೋಧನೆಯ ಮಾತುಗಳನ್ನು ವಿಂಗಡಿಸಿದರು. ಸುಮಾರು ಮುಕ್ಕಾಲು ಪಾಲು ಏನು, ಹೇಗೆ ಮಾಡಬೇಕು ಎಂಬ ಮಾಹಿತಿ. ಹೊಗಳಿಕೆ ಶೇ. 7ರಷ್ಟು, ಅಸಮಾಧಾನವೂ ಹೆಚ್ಚುಕಡಿಮೆ ಅಷ್ಟೇ. ಭಾಷಣ ಇಲ್ಲ, ಉಪದೇಶ ಇಲ್ಲ, ತುಂಡು ತುಂಡು ಮಾತು.

ಇನ್ನೊಂದು ಅಧ್ಯಯನ ನಮಗೆ ಹೆಚ್ಚು ಹತ್ತಿರದ್ದು. ರೊನಾಲ್ಡ್ ಸ್ಮಿತ್, ಫ್ರಾಂಕ್ ಸ್ಮಾಲ್ ಎಂಬವರು ಮಕ್ಕಳ ಬೇಸ್‌ಬಾಲ್ ಕೋಚ್‌ಗಳನ್ನು ಗಮನಿಸಿದಾಗ ಕಂಡದ್ದು: ಕೋಚ್‌ಗೆ ತಾನು ಏನು ಮಾತಾಡುತ್ತೇನೆ ಎಂಬುದೇ ಸರಿಯಾಗಿ ಗೊತ್ತಿರುವುದಿಲ್ಲ; ಮಕ್ಕಳಿಗೆ ಅವನಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಪ್ರೋತ್ಸಾಹಿಸುವ, ತಪ್ಪಾದ ಕೂಡಲೇ ತಿದ್ದಿ ಹೇಳುವ ರೀತಿಯನ್ನು ಕೆಲವು ಕೋಚ್‌ಗಳಿಗೆ ಕಲಿಸಿದರು. 1992ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅವರ ಕೈಕೆಳಗೆ ಆಡಿದ ಮಕ್ಕಳಲ್ಲಿ ಮುಂದಿನ ವರ್ಷ ಆಟ ಬಿಟ್ಟವರು ಶೇ. 5, ಉಳಿದ ಕೋಚ್‌ಗಳ ಮಕ್ಕಳಲ್ಲಿ ಶೇ. 26. ಗೆಲುವು-ಸೋಲಿನ ಲೆಕ್ಕದಲ್ಲಿ ಎರಡೂ ಗುಂಪು ಸಮ. ‘ಬೈದರಷ್ಟೇ ಗೆಲುವು’ ಎನ್ನುವವರು ಈ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಬೇಕು.

ನೀವೂ ಅಳೆದು ನೋಡಬಹುದು. ಮೊಬೈಲನ್ನು ಅಂಗಿ ಜೇಬಿನಲ್ಲಿ ರೆಕಾರ್ಡಿಂಗ್‌ಗೆ ಇಟ್ಟು 20 ನಿಮಿಷ ಅಭ್ಯಾಸ ನಡೆಸಿ. ರಾತ್ರಿ ಕೂತು ಕೇಳುತ್ತ ನಾಲ್ಕು ಕಾಲಮ್ಮಿನಲ್ಲಿ ಗೆರೆ ಎಳೆಯಿರಿ: ಮಾಹಿತಿ, ಮೆಚ್ಚುಗೆ, ಬೈಗುಳ, ಬರಿ ಗದ್ದಲ. ‘ಓಡ್ರಿ ಓಡ್ರಿ’, ‘ಏ ನೋಡ್ಕೊಂಡು’, ‘ಏನ್ ಮಾಡಾಕತ್ತೀಯೋ’ ಎಲ್ಲ ಕೊನೆಯ ಕಾಲಮ್ಮಿಗೆ. ಆಮೇಲೆ ಹಾಜರಿ ಪುಸ್ತಕ ತೆರೆದು, ಆ ಇಪ್ಪತ್ತು ನಿಮಿಷದಲ್ಲಿ ಹೆಸರು ಹಿಡಿದು ಕರೆದ ಮಕ್ಕಳಿಗೆ ಟಿಕ್ ಹಾಕಿ. ಮೂರ್ನಾಲ್ಕು ಚುರುಕು ಹುಡುಗರ ಹೆಸರೇ ಸುತ್ತಿ ಸುತ್ತಿ ಬಂದಿರುತ್ತದೆ. ಟಿಕ್ಕೇ ಇಲ್ಲದವರ ಪಟ್ಟಿ ಉದ್ದ ಇರುತ್ತದೆ. ಮಕ್ಕಳೆಲ್ಲರೂ ನನಗೆ ಸಮಾನ ಎಂದು ತತ್ವದಲ್ಲಿ ಬರೆದಿದ್ದರೆ ಅದನ್ನು ಈ ಟಿಕ್ಕುಗಳ ಪಕ್ಕದಲ್ಲಿಟ್ಟು ನೋಡಿ. ತಿಂಗಳಿಗೊಮ್ಮೆ ಮಾಡಿದರೆ ಸಾಕು, ದಿನಾ ಮಾಡಿದರೆ ನಾಟಕವಾಗುತ್ತದೆ.

ಮಾಹಿತಿ ಕೊಡುವಾಗಲೂ ಒಂದು ಸಲಕ್ಕೆ ಒಂದೇ ಸೂಚನೆ. ಉದ್ದ ಜಿಗಿತದ ಹುಡುಗಿಗೆ ‘ಮಂಡಿ ಎತ್ತು, ಎದಿ ಮುಂದ, ಕೈ ಬೀಸು, ಹಲಗಿ ನೋಡಬ್ಯಾಡ’ ಎಂದು ನಾಲ್ಕೂ ಒಟ್ಟಿಗೆ ಹೇಳಿದರೆ ಅವಳು ಹಲಗೆಯ ಮೇಲೆ ಕಾಲಿಟ್ಟಾಗ ಯಾವುದೂ ನೆನಪಿರುವುದಿಲ್ಲ. ಜೊತೆಗೆ, ದೇಹದ ಭಾಗವನ್ನು ಹೆಸರಿಸುವುದಕ್ಕಿಂತ ಹೊರಗಿನ ಪರಿಣಾಮವನ್ನು ತೋರಿಸುವ ಸೂಚನೆ ಬೇಗ ಹತ್ತುತ್ತದೆ. ‘ತೊಡೆ ಬಿಗಿ ಮಾಡು’ ಅನ್ನುವ ಬದಲು ‘ನೆಲ ಹಿಂದಕ್ಕ ದೂಡು’. ಹಾಕಿಯಲ್ಲಿ ‘ಮಣಿಕಟ್ಟು ತಿರುಗಿಸು’ ಅನ್ನುವ ಬದಲು ‘ಚೆಂಡು ಆ ಕೋನ್‌ನ ಎಡಕ್ಕ ಹೋಗಲಿ’. ಗಮನ ಹೊರಗಿದ್ದಾಗ ದೇಹ ತನ್ನ ಕೆಲಸ ತಾನೇ ಹೊಂದಿಸಿಕೊಳ್ಳುತ್ತದೆ.

ಅಭ್ಯಾಸದ ಹೊತ್ತು ಎಲ್ಲಿ ಹೋಗುತ್ತದೆ ಎಂಬುದೂ ತತ್ವದ ಪ್ರಶ್ನೆಯೇ. ಇಪ್ಪತ್ತು ಮಕ್ಕಳು, ಕ್ರಿಕೆಟ್ಟಿನ ಒಂದು ನೆಟ್, ಒಂದು ಗಂಟೆ. ಒಬ್ಬನಿಗೆ ಬ್ಯಾಟಿಂಗ್ ಮೂರು ನಿಮಿಷ. ಉಳಿದವರಲ್ಲಿ ಐದಾರು ಮಂದಿ ಬೌಲಿಂಗ್, ಮಿಕ್ಕವರು ಚೆಂಡು ಹೆಕ್ಕುವವರು. ಅದೇ ಇಪ್ಪತ್ತು ಮಂದಿಯನ್ನು ನಾಲ್ಕು ಗುಂಪು ಮಾಡಿ: ನೆಟ್, ಗೋಡೆಗೆ ಟೆನಿಸ್ ಚೆಂಡು ಹೊಡೆದು ಹಿಡಿಯುವುದು, ಎಸೆದು ವಿಕೆಟ್ ಉರುಳಿಸುವುದು, ಹತ್ತು ಮೀಟರ್ ಜಾಗದಲ್ಲಿ ಸಣ್ಣ ಆಟ. ಹದಿಮೂರು ನಿಮಿಷಕ್ಕೊಮ್ಮೆ ಗುಂಪು ಬದಲು, ನಡುವೆ ನೀರು. ಬ್ಯಾಟ್ ಹೊತ್ತು ಹೆಚ್ಚೇನೂ ಆಗದಿರಬಹುದು, ಆದರೆ ಚೆಂಡು ಮುಟ್ಟುವ ಸಂಖ್ಯೆ ಎಷ್ಟೋ ಪಟ್ಟು ಏರುತ್ತದೆ. ಸಾಲಿನಲ್ಲಿ ನಿಂತು ಕಾಯುವ ಹೊತ್ತಿಗೆ ಶಿಸ್ತು ಎಂದು ಹೆಸರಿಡುವ ರೂಢಿ ನಮ್ಮಲ್ಲಿ ಬಹಳ ಇದೆ.

ಕೌಶಲವನ್ನು ಬೆರೆಸಿ ಕಲಿಸುವುದೋ ಒಂದೊಂದೇ ಕಲಿಸುವುದೋ ಎಂಬುದರಲ್ಲೂ ಧೈರ್ಯ ಬೇಕು. ಐವತ್ತು ಸಲ ಒಂದೇ ಹೊಡೆತ ಆಡಿಸಿದರೆ ಅಂದಿನ ಸಂಜೆ ಚಂದ ಕಾಣುತ್ತದೆ. ಬೇರೆ ಬೇರೆ ಹೊಡೆತ ಬೆರೆಸಿ ಆಡಿಸಿದರೆ ಅಂದು ಒರಟೊರಟು ಕಾಣುತ್ತದೆ, ಆದರೆ ವಾರದ ನಂತರ ನೆನಪುಳಿಯುವುದು ಎರಡನೆಯದು. 1979ರಲ್ಲಿ ಶಿಯಾ ಮತ್ತು ಮಾರ್ಗನ್ ಕೈಚಲನೆಯ ಒಂದು ಪ್ರಯೋಗದಲ್ಲಿ ತೋರಿಸಿದ ಸಂಗತಿ ಇದು. ತೀರಾ ಹೊಸಬರಿಗೆ ಮೊದಲ ಕೆಲ ದಿನ ಒಂದೊಂದೇ ಇರಲಿ. ಕಾಂಪೌಂಡಿನ ಹೊರಗೆ ನಿಂತು ನೋಡುವ ಪಾಲಕರಿಗೆ ಒರಟು ಅಭ್ಯಾಸ ಹಿಡಿಸುವುದಿಲ್ಲ. ಅವರನ್ನು ಮೆಚ್ಚಿಸುವ ಅಭ್ಯಾಸವೋ ಮಕ್ಕಳಿಗೆ ಹತ್ತುವ ಅಭ್ಯಾಸವೋ, ಬರೆದಿಡಿ.

ಅಭ್ಯಾಸದಿಂದ ದೇಹದ ಮೇಲೆ ಬೀಳುವ ಹೊರೆಯ ಲೆಕ್ಕಕ್ಕೆ ಸುಲಭದ ವಿಧಾನ ಒಂದಿದೆ. ಅಭ್ಯಾಸ ಮುಗಿದು ಅರ್ಧ ಗಂಟೆಯಾದ ಮೇಲೆ ಎಷ್ಟು ಕಷ್ಟವಾಯಿತು ಎಂದು ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಕೇಳಿ. ಅದನ್ನು ನಿಮಿಷದಿಂದ ಗುಣಿಸಿ. 60 ನಿಮಿಷ, 7 ಅಂದರೆ 420. ವಾರದ ಮೊತ್ತ ಹಠಾತ್ತನೆ ಒಂದೂವರೆ ಪಟ್ಟು ಏರಿದರೆ ಗಾಯದ ಅಪಾಯ ಎಂದು ನಿಧಾನಿಸಬೇಕು. ನಮ್ಮಲ್ಲಿ ಹೀಗೆ ಏರುವುದು ಎರಡು ಹೊತ್ತಿನಲ್ಲಿ: ಬೇಸಿಗೆ ಶಿಬಿರ ಶುರುವಾದ ವಾರ, ತಾಲ್ಲೂಕು ಕ್ರೀಡಾಕೂಟದ ಹಿಂದಿನ ವಾರ. ಮಳೆಯಿಂದ ಹದಿನೈದು ದಿನ ಎರಿ ಮೈದಾನ ಕೆಸರಾಗಿ ಅಭ್ಯಾಸ ನಿಂತಿರುತ್ತದೆ. ಬಿಸಿಲು ಬಿದ್ದ ಕೂಡಲೇ ತಪ್ಪಿದ್ದೆಲ್ಲ ಒಂದೇ ವಾರದಲ್ಲಿ ತುಂಬಲು ಹೋಗುತ್ತೇವೆ. ಕಳೆದದ್ದು ಕಳೆದುಹೋಯಿತು. ಮಳೆಗಾಲಕ್ಕೆ ವರಾಂಡದಲ್ಲಿ ಮಾಡುವಂಥ ಶಕ್ತಿ, ಸಮತೋಲನದ ಕಾರ್ಯಕ್ರಮ ಮೊದಲೇ ತಯಾರಿರಲಿ.

ಪ್ರಯಾಣವನ್ನೂ ಹೊರೆಯಲ್ಲಿ ಸೇರಿಸಿ. ಭಾರತ ಕ್ರಿಕೆಟ್ ತಂಡದಲ್ಲಿ ಸ್ಪಿನ್ ಬೌಲರ್ ಆಗಿದ್ದ ಗದಗಿನ ಸುನೀಲ್ ಜೋಶಿ ಹುಡುಗನಾಗಿದ್ದಾಗ ಬೆಳಗಿನ ಅಭ್ಯಾಸಕ್ಕೆ ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಬಂದು ಶಾಲೆಯ ಹೊತ್ತಿಗೆ ಮರಳುತ್ತಿದ್ದರು; 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರಿನಲ್ಲಿ 6 ರನ್ನಿಗೆ 5 ವಿಕೆಟ್ ತೆಗೆದರು. ಹೆಮ್ಮೆಯ ವಿಷಯವೇ. ಆದರೆ ಈ ಕಥೆಯನ್ನು ಪ್ರತಿ ಮಗುವಿಗೆ ಹೇಳಿ ‘ಅವರು ಬಂದ್ರು, ನಿನಗೇನಾಗೈತಿ’ ಅನ್ನುವ ಕೋಚ್, ಅದೇ ರೈಲು-ಬಸ್ಸಿನಲ್ಲಿ ಬಂದು ನಿದ್ದೆ ಕೆಟ್ಟು, ಓದು ಕೆಟ್ಟು ಆಟ ಬಿಟ್ಟವರನ್ನು ಎಣಿಸಿರುವುದಿಲ್ಲ. ದೂರದಿಂದ ಬರುವ ಮಗುವಿಗೆ ವಾರಕ್ಕೆ ಮೂರು ದಿನ ಬಂದರೆ ಸಾಕು, ಉಳಿದ ದಿನಕ್ಕೆ ಊರಲ್ಲೇ ಮಾಡುವ ಕೆಲಸ ಬರೆದುಕೊಡುತ್ತೇನೆ ಎಂಬುದು ಹೆಚ್ಚು ಪ್ರಾಮಾಣಿಕ ತತ್ವ.

ಚರ್ಚೆಗೆ ಆಸ್ಪದವಿಲ್ಲದ ಕೆಲವು ವಿಷಯಗಳಿವೆ, ಅವನ್ನು ಬೇಗ ಹೇಳಿ ಮುಗಿಸುತ್ತೇವೆ. ವಯಸ್ಸಿನ ದಾಖಲೆ ತಿದ್ದುವುದಕ್ಕೆ ಕಣ್ಣು ಮುಚ್ಚಬಾರದು. ಸೇರುವಾಗಲೇ ಜನನ ಪ್ರಮಾಣಪತ್ರದ ನಕಲು ಪಡೆಯಿರಿ. ಜಿಮ್ಮಿನವರು ಕೊಟ್ಟ ಪುಡಿ, ಮಾತ್ರೆ ಮಕ್ಕಳಿಗೆ ಬೇಡ. ಉದ್ದೀಪನ ಮದ್ದಿನ ನಿಯಮದಲ್ಲಿ ದೇಹದೊಳಗೆ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ, ‘ಗೊತ್ತಿರಲಿಲ್ಲ’ ಎಂಬುದು ಬಿಡುಗಡೆಯಲ್ಲ. ರೊಟ್ಟಿ, ಮೊಳಕೆ ಕಾಳು, ಶೇಂಗಾ, ಮೊಟ್ಟೆ, ಹಾಲು ಇಷ್ಟು ಹೊಟ್ಟೆ ತುಂಬ ಸಿಗುತ್ತಿದೆಯೇ ಎಂದು ಮೊದಲು ನೋಡಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012ರ ಪ್ರಕಾರ 18ರೊಳಗಿನ ಎಲ್ಲರೂ ಮಕ್ಕಳು. ಲೈಂಗಿಕ ಅಪರಾಧದ ವಿಷಯ ತಿಳಿದರೆ 19ನೇ ಕಲಮಿನಂತೆ ವರದಿ ಮಾಡಲೇಬೇಕು, ಮಾಡದಿದ್ದರೆ 21ನೇ ಕಲಮಿನಲ್ಲಿ ಶಿಕ್ಷೆ ಇದೆ. ‘ಒಳಗೊಳಗ ಮುಗಿಸೋಣ’ ಎಂಬ ದಾರಿ ಕಾನೂನಿನಲ್ಲಿ ಇಲ್ಲ. ಮಕ್ಕಳ ಸಹಾಯವಾಣಿ 1098. ಒಬ್ಬಂಟಿ ಮಗುವಿನ ಜೊತೆ ಮುಚ್ಚಿದ ಕೋಣೆ ಬೇಡ, ಬೈಕಿನಲ್ಲಿ ಒಬ್ಬರನ್ನೇ ಕೂರಿಸಿಕೊಂಡು ಹೋಗುವುದು ಬೇಡ, ಸಂದೇಶ ಏನಿದ್ದರೂ ಪಾಲಕರಿರುವ ಗುಂಪಿನಲ್ಲಿ. ಪಟ್ಟು ಕಲಿಸಲು ಮೈ ಮುಟ್ಟಬೇಕಾದಾಗ ಮೊದಲು ಹೇಳಿ, ಕೇಳಿ, ಎಲ್ಲರೆದುರು. ಹುಡುಗಿಯರ ತಂಡ ಹೊರಊರಿಗೆ ಹೋದರೆ ಜೊತೆಗೆ ಒಬ್ಬ ಶಿಕ್ಷಕಿ ಇರಲೇಬೇಕು.

ಬರೆಯುವ ವಿಧಾನಕ್ಕೆ ಬರೋಣ. ಒಂದೇ ಹಾಳೆ. ಮೊದಲು ನಿಮ್ಮ ಗುಂಪು ಯಾವುದು ಎಂದು ಬರೆಯಿರಿ: ವಯಸ್ಸು, ಆಟ, ವಾರಕ್ಕೆ ಎಷ್ಟು ದಿನ. 12ರ ಮಕ್ಕಳಿಗೂ ಕ್ರೀಡಾ ಹಾಸ್ಟೆಲಿನ 18ರವರಿಗೂ ಒಂದೇ ಹಾಳೆ ನಡೆಯುವುದಿಲ್ಲ. ಆಮೇಲೆ ಆರರಿಂದ ಎಂಟು ವಾಕ್ಯ, ಪ್ರತಿಯೊಂದರಲ್ಲೂ ಮಾಡುತ್ತೇನೆ ಅಥವಾ ಮಾಡುವುದಿಲ್ಲ ಎಂಬ ಕ್ರಿಯೆ. ಸಾಧ್ಯವಿದ್ದಲ್ಲಿ ಅಂಕಿ. ‘ಪ್ರಾಮಾಣಿಕವಾಗಿ’, ‘ಆದಷ್ಟು’, ‘ಸಾಧ್ಯವಾದರೆ’ ಎಂಬ ಪದ ಕಂಡಲ್ಲಿ ಗೆರೆ ಎಳೆದು ತೆಗೆಯಿರಿ. ಒಂಬತ್ತನೇ ತರಗತಿಯ ಒಬ್ಬ ಆಟಗಾರ್ತಿಗೆ ಓದಲು ಕೊಟ್ಟು, ‘ಇದರಾಗ ಯಾವುದು ಸರ್ ಮಾಡೂದಿಲ್ಲ’ ಎಂದು ಕೇಳಿ. ಅವಳು ಉತ್ತರ ಹೇಳಲು ಹೆದರಿದರೆ ಆ ಹೆದರಿಕೆಯನ್ನೂ ಉತ್ತರ ಎಂದೇ ಎಣಿಸಿ. ಹಾಳೆಯ ಮೇಲೆ ತಾರೀಖು ಹಾಕಿ, ಕ್ರೀಡಾಕೂಟಗಳೆಲ್ಲ ಮುಗಿದ ಮೇಲೆ ತಿದ್ದಿ. ಋತುವಿನ ನಡುವೆ ತಿದ್ದಬೇಡಿ, ಆಗ ತಿದ್ದುವುದೆಲ್ಲ ಒಂದು ಸೋಲಿನ ಮೇಲೋ ಒಬ್ಬ ಪಾಲಕರ ಮೇಲೋ ಸಿಟ್ಟಾಗಿ ತಿದ್ದಿದ್ದಾಗಿರುತ್ತದೆ.

ಉಪನ್ಯಾಸದ ಕೊನೆಗೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸುವುದು ಒಳ್ಳೆಯದು. ‘ಇದೆಲ್ಲಾ ಖರೇ ರೀ ಸರ, ಆದ್ರ ಹೆಡ್ ಮಾಸ್ತರು ಕಪ್ ಕೇಳ್ತಾರ. ಹನ್ನೆರಡೂ ಮಂದೀನ ಆಡಸ್ರಿ ಅಂದ್ರ ಅವರಿಗೆ ಏನ್ ಹೇಳೂದು?’

ಕಪ್ ಕೇಳುವುದು ತಪ್ಪಲ್ಲ, ಅವರಿಗೂ ಮೇಲಿನಿಂದ ಕೇಳುವವರಿದ್ದಾರೆ. ಜೂನ್ ತಿಂಗಳಲ್ಲಿ, ತಂಡ ಕಟ್ಟುವ ಮೊದಲು, ಆ ಒಂದು ಹಾಳೆಯನ್ನು ಹೆಡ್ ಮಾಸ್ತರರಿಗೆ ತೋರಿಸಿ ಸಹಿ ಕೇಳಿ. ಎಲ್ಲರಿಗೂ ಆಟ ಎಂಬುದು 14ರೊಳಗಿನವರಿಗೆ, ಅದೂ ತಾಲ್ಲೂಕು ಮಟ್ಟದ ತನಕ. ಅಲ್ಲಿಂದ ಮುಂದೆ ಮತ್ತು 17ರೊಳಗಿನವರಿಗೆ ಉತ್ತಮ ಏಳು ಮಂದಿ. ಇಷ್ಟು ಬಿಟ್ಟುಕೊಟ್ಟರೆ ಬಹಳಷ್ಟು ಹೆಡ್ ಮಾಸ್ತರರು ಒಪ್ಪುತ್ತಾರೆ. ಒಪ್ಪದಿದ್ದರೆ ಇನ್ನೊಂದು ದಾರಿ: ಹೊರಗುಳಿಯುವ ಐವರಿಗೆ ಇನ್ನೊಂದಿಷ್ಟು ಮಕ್ಕಳನ್ನು ಸೇರಿಸಿ ಎರಡನೆಯ ತಂಡ ಮಾಡಿ, ಪಕ್ಕದ ಎರಡು ಶಾಲೆಗಳ ದೈಹಿಕ ಶಿಕ್ಷಕರೊಂದಿಗೆ ಮಾತಾಡಿ, ಶನಿವಾರ ಶಾಲೆ ಬಿಟ್ಟ ಮೇಲೆ ಪಂದ್ಯ ಇಟ್ಟುಕೊಳ್ಳಿ. ಬೇಕಾಗುವುದು ಒಂದು ಅಂಕಣ, ಸುಣ್ಣದ ಪುಡಿ, ಒಂದು ಸೀಟಿ, ಸ್ಕೋರ್ ಬರೆಯಲು ಒಬ್ಬ ವಿದ್ಯಾರ್ಥಿ. ಆ ಸ್ಕೋರ್ ಶೀಟನ್ನು ಮೊದಲ ತಂಡದ ಶೀಟಿನ ಪಕ್ಕದಲ್ಲೇ ನೋಟಿಸ್ ಬೋರ್ಡಿಗೆ ಹಚ್ಚಿ.